ಬೆನ್ನ ಹಿಂದಿನ ಚಹಾ

ನಮ್ಮ ಇಸ್ಫರಾದಲ್ಲಿ ಜರ್ದಾಳು ಮರವಿಲ್ಲದ ಹಿತ್ತಲು ಹುಡುಕಲು ಹೊರಟವನು ಬರಿಗೈಯಲ್ಲೇ ವಾಪಸು ಬರಬೇಕು. ಆದರೂ ಬೀದಿಯೆಲ್ಲ ಉಸ್ತೋ, ಅಂದರೆ ಉಸ್ತಾದ, ಎಂದು ಕರೆಯುವ ಕ್ಷೌರಿಕ ಇಬೋದನ ಮರದ ಮರ್ಯಾದೆಯೇ ಬೇರೆ. ಅದರ ಬುಡಕ್ಕೆ ಒತ್ತಿಕೊಂಡು ಅಗಲವಾದ ಮರದ ಮಂಚವೊಂದಿತ್ತು. ಶುಕ್ರವಾರದ ನಮಾಜು ಮುಗಿಸಿ ಬೀದಿಯ ಗಂಡಸರು ಅದರ ಮೇಲೆ ಕಾಲು ಮಡಚಿ ಕೂತರೆ, ನೆರಳು ಎದುರುಗೋಡೆ ಹತ್ತುವ ತನಕ ಏಳುವ ಮಾತಿಲ್ಲ. ಮನೆಯ ಯಜಮಾನನಾದ್ದರಿಂದ ಚಹಾ ಬಗ್ಗಿಸುವ ಹಕ್ಕು ಇಬೋದನದು. ಕಾಂಡಕ್ಕೆ ಬೆನ್ನು ಕೊಟ್ಟು ಕೂರುವ ಜಾಗವೂ ಅವನದೇ. ವಾರವೆಲ್ಲ ಗಿರಾಕಿಗಳ ತಲೆಯನ್ನು ಬೇಕಾದ ಕಡೆ ತಿರುಗಿಸುತ್ತಿದ್ದವನು ಶುಕ್ರವಾರ ಊರಿನ ಮಾತನ್ನು ಬೇಕಾದ ಕಡೆ ತಿರುಗಿಸುತ್ತಿದ್ದ. ಬಾಕಿ ದಿನಗಳನ್ನು ಅವನು ಹೇಗೋ ಸಹಿಸಿಕೊಳ್ಳುತ್ತಿದ್ದ.

ಆ ಬೇಸಿಗೆಯಲ್ಲಿ ಮರ ಮುನಿಸಿಕೊಂಡಿತು. ಮಂಚದ ಕಡೆಯ ಕೊಂಬೆಗಳ ಎಲೆ ಸಣ್ಣದಾಗಿ, ಹಳದಿಯಾಗಿ, ಹಣ್ಣಿಗೂ ಮೊದಲೇ ಉದುರತೊಡಗಿತು. ಕಾಂಡದಿಂದ ಕಂದು ಅಂಟು ಒಸರಿತು.

"ಉಸ್ತೋ, ನಿನ್ನ ಮರಕ್ಕೆ ಬೋಳು ಹತ್ತಿದೆ," ಎಂದ ರೊಟ್ಟಿ ಸುಡುವ ನಸ್ರುಲ್ಲೊ. "ಕ್ಷೌರಿಕನ ಮನೇಲಿ ಇದ್ದೂ ಇದ್ದೂ ಅದಕ್ಕೂ ಅದೇ ಅಭ್ಯಾಸ ಆಗಿದೆ."

ಎಲ್ಲರೂ ನಕ್ಕರು. ಇಬೋದ್ ನಗಲಿಲ್ಲ. ನಸ್ರುಲ್ಲೊನ ಅಂಗಳದಲ್ಲಿ ದ್ರಾಕ್ಷಿಯ ಚಪ್ಪರ ಆಗಲೇ ಛಾವಣಿಯಂತೆ ಹಬ್ಬಿತ್ತು. ಈ ಮರ ಹೋದರೆ ನೆರಳು ಹೋಯಿತು. ನೆರಳು ಹೋದರೆ ಶುಕ್ರವಾರ ಪಕ್ಕದ ಮನೆಗೆ ಹೋಯಿತು. ಅಲ್ಲಿ ಚಹಾ ಬಗ್ಗಿಸುವವನು ನಸ್ರುಲ್ಲೊ, ಮಾತು ತಿರುಗಿಸುವವನೂ ನಸ್ರುಲ್ಲೊ.

ಬಾಯಾರಿಕೆಯಿರಬೇಕೆಂದು ಮರಕ್ಕೆ ನೀರು ಹೆಚ್ಚಿಸಿದ್ದಾಯಿತು. ಅಂಟು ಇನ್ನಷ್ಟು ಒಸರಿತು. ದೃಷ್ಟಿಯೆಂದು ಬುಡಕ್ಕೆ ಹೊಗೆ ಹಾಕಿದ್ದಾಯಿತು. ಮರಕ್ಕಿಂತ ಮೊದಲು ಇಬೋದನೇ ಕೆಮ್ಮಿದ. ಕೊನೆಗೆ ಅಜ್ಜಂದಿರ ಕಾಲದ ಮದ್ದು ಉಳಿಯಿತು: ಕೊಡಲಿ ತೋರಿಸಿ ಹೆದರಿಸುವುದು. ಒಬ್ಬ ಕಡಿಯಲು ಹೋಗಬೇಕು, ಇನ್ನೊಬ್ಬ ಅಡ್ಡ ಬಂದು ಮರದ ಪರವಾಗಿ ಜಾಮೀನು ನಿಲ್ಲಬೇಕು. ಜಾಮೀನಿಗೆ ನಸ್ರುಲ್ಲೊ ಒಪ್ಪಿದ.

"ಇವತ್ತು ನಿನ್ನನ್ನ ಸೌದೆ ಮಾಡ್ತೀನಿ," ಎಂದು ಇಬೋದ್ ಕೊಡಲಿ ಎತ್ತಿದ. ಅಡ್ಡ ಯಾರೂ ಬರಲಿಲ್ಲ. ಓರೆಗಣ್ಣಲ್ಲಿ ನೋಡಿದರೆ ಜಾಮೀನುದಾರನ ಬಾಯಿ ತುಂಬ ರೊಟ್ಟಿ. "ಮಾಡೇ ಬಿಡ್ತೀನಿ," ಎಂದ ಇಬೋದ್, ದನಿ ಏರಿಸಿ. ನಸ್ರುಲ್ಲೊ ಕೈಸನ್ನೆಯಲ್ಲೇ ತಾಳು ಎಂದ. ಎತ್ತಿದ ಕೊಡಲಿಯನ್ನು ಯಾರೂ ಬೇಡಿಕೊಳ್ಳದೆ ಇಳಿಸಿದರೆ ಮರ ನಗುವುದಿಲ್ಲವೇ? ಎತ್ತಿ ಹಿಡಿದೇ ಕೈ ಸೋತಿತು, ಕೊಡಲಿ ಜಾರಿ ಕಲ್ಲಿಗೆ ಬಡಿಯಿತು, ಮಣಿಕಟ್ಟು ಉಳುಕಿತು. ಆಗ ರೊಟ್ಟಿ ಗಂಟಲಿಳಿದು, "ಬೇಡ ಉಸ್ತೋ, ಕಡೀಬೇಡ, ಬರೋ ವರ್ಷ ಸರಿಹೋಗತ್ತೆ, ನಾನಿದ್ದೀನಿ," ಎಂಬ ಮಾತು ಬಂತು.

"ಮರಕ್ಕಿಂತ ಮೊದಲು ನಿಮಗೊಬ್ಬ ಜಾಮೀನು ಬೇಕಿತ್ತು, ನಿಗೀನಾಳ ಅಪ್ಪ," ಎನ್ನುತ್ತ, ಗಂಡನನ್ನು ಮಗಳ ಹೆಸರು ಹಿಡಿದೇ ಕರೆಯುವ ಹೆಂಡತಿ ಸಬೋಹತ್ ಕೈಗೆ ಬಟ್ಟೆ ಸುತ್ತಿದಳು.

ಮುಂದಿನ ಶುಕ್ರವಾರ ಇಬೋದನಿಗೆ ಚಹಾದ ಕುಡಿಕೆ ಎತ್ತಲಾಗಲಿಲ್ಲ. ಯಜಮಾನನ ಜಾಗದಲ್ಲಿ ನಸ್ರುಲ್ಲೊ ಕೂತ. ಇಬೋದ್ ಮೊದಲ ಬಾರಿಗೆ ಅತಿಥಿಗಳ ಸಾಲಿನಲ್ಲಿ, ತನ್ನದೇ ಮರಕ್ಕೆ ಎದುರಾಗಿ, ಹೊಟ್ಟೆ ಉರಿಸಿಕೊಂಡು ಕೂತ.

ನಸ್ರುಲ್ಲೊ ಒಂದೊಂದು ಬಟ್ಟಲಿಗೂ ಬಿಸಿ ಚಹಾ ಹಾಕಿ, ಕಲಕಿ ತೊಳೆದು, ಹೆಗಲ ಮೇಲಿಂದ ಹಿಂದಕ್ಕೆ ಚೆಲ್ಲಿದ. ಯಾರದೋ ಬಟ್ಟಲಲ್ಲಿ ಚಹಾ ಆರಿತ್ತು, ಅದೂ ಹಿಂದಕ್ಕೆ. ಕುಡಿಕೆಯ ತಳದ ಸೊಪ್ಪು ಹೆಚ್ಚಾಯಿತು, ಅದೂ ಹಿಂದಕ್ಕೆ. ಮರದ ಬುಡದಿಂದ ಹಬೆ ಎದ್ದಿತು.

"ಏಯ್ ನಸ್ರುಲ್ಲೊ, ನನ್ನ ಮರಕ್ಕೆ ಏನೋ ಮಾಡ್ತಿದೀಯ?"

"ನೀನು ಮಾಡೋದನ್ನೇ. ನಿನ್ನ ಮನೆ, ನಿನ್ನ ಪದ್ಧತಿ. ನಾನೇನು ಹೊಸದು ತಂದೆನೇ?"

"ನಾನು ಯಾವಾಗ ಮಾಡಿದೀನಿ?"

ಮಂಚದ ಮೇಲೆ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ವರ್ಷ ಎಲ್ಲರೂ ಕಂಡಿದ್ದರು. ಬೆನ್ನು ಕೊಟ್ಟು ಕೂತವನೊಬ್ಬನೇ ಕಂಡಿರಲಿಲ್ಲ.

ಇಬೋದ್ ಮಂಚದ ಹಿಂದೆ ಇಣುಕಿದ. ಚಹಾದ ಸೊಪ್ಪು ಕಾಂಡದ ಸುತ್ತ ಗೊಬ್ಬರದ ಗುಡ್ಡೆಯಂತೆ ಕೂತು, ಅಷ್ಟು ಬಿಸಿಲಲ್ಲೂ ಹಸಿಹಸಿಯಾಗಿತ್ತು. ಎಡಗೈಯಲ್ಲಿ ಕೆದರಿದ. ಒಳಗಿನ ತೊಗಟೆ ನೆನೆದ ರೊಟ್ಟಿಯಂತೆ ಬೆರಳಿಗೆ ಬಂತು, ಹುಳಿ ವಾಸನೆ ಹೊಡೆಯಿತು. ಸಬೋಹತ್ ಬಂದು ಬಗ್ಗಿ ನೋಡಿದಳು.

"ಆಚೆ ಕಡೆ ತೊಗಟೆ ಗಟ್ಟಿಯಿದೆ," ಎಂದಳು. "ಕೊಳೆತಿರೋದು ನಿಮ್ಮ ಬೆನ್ನಿನಷ್ಟು ಅಗಲ ಮಾತ್ರ."

ಮರುದಿನ ಇಬೋದ್ ಅಂಗಡಿಯಿಂದ ಹಳೆಯ ಕ್ಷೌರದ ಕತ್ತಿ ತಂದ. ಉಳುಕಿದ ಕೈ ಇನ್ನೂ ಮಾತು ಕೇಳುತ್ತಿರಲಿಲ್ಲ. ಅವನು ಹೇಳುತ್ತ ಹೋದ, ಸಬೋಹತ್ ಹೆರೆಯುತ್ತ ಹೋದಳು. ಕೊಳೆತ ತೊಗಟೆ ಹೋಗಿ ಹಸಿರಂಚು ಕಾಣುವ ತನಕ ಅವನು ಕತ್ತಿಯ ಅಲಗಿನಿಂದ ಕಣ್ಣು ಕೀಳಲಿಲ್ಲ.

"ಮೆಲ್ಲಗೆ, ಕಿವಿ ಹತ್ರ ಹೋದ ಹಾಗೆ," ಎಂದ.

"ಮರಕ್ಕೆ ಎಲ್ಲಿದೆ ಕಿವಿ?"

"ಇದ್ದಿದ್ದರೆ ನನ್ನ ಶುಕ್ರವಾರದ ಮಾತು ಕೇಳಿ ಎಂದೋ ಒಣಗ್ತಿತ್ತು," ಎಂದ. ಹಾಗೆ ತನ್ನನ್ನೇ ತಾನು ಗೇಲಿ ಮಾಡಿಕೊಂಡದ್ದು ಅವಳು ಮೊದಲ ಬಾರಿಗೆ ಕೇಳಿದ್ದು. ಅವಳು ಅವನ ಗಡ್ಡಕ್ಕೆ ಅಂಟಿದ್ದ ತೊಗಟೆಚೂರು ತೆಗೆದಳು.

ಗಾಯಕ್ಕೆ ಗಾಳಿ, ಬಿಸಿಲು ಬೇಕು. ಮಂಚ ಎತ್ತಲೇಬೇಕು, ಎಲೆ ಉದುರಿದ ಕೊಂಬೆಗಳ ಕೆಳಗೆ ಆಚೆ ಹಾಕಲು ನೆರಳೂ ಇಲ್ಲ. ನೀರಿನ ಕಾಲುವೆಯನ್ನು ಬುಡದಿಂದ ದೂರ ತಿರುಗಿಸಿದ ಇಬೋದ್ ಸಬೋಹತ್ ಜೊತೆ ಸೇರಿ ಮಂಚವನ್ನು ಗೋಡೆಗೆ ಒರಗಿಸಿದ. ಆಮೇಲೆ ತಾನೇ ಪಕ್ಕದ ಮನೆಯ ಬಾಗಿಲು ತಟ್ಟಿದ.

"ನಸ್ರುಲ್ಲೊ, ಈ ಬೇಸಿಗೆ ಶುಕ್ರವಾರ ನಿನ್ನ ಚಪ್ಪರದ ಕೆಳಗೆ."

ನಸ್ರುಲ್ಲೊ ಗೆದ್ದವನಂತೆ ನಗಲಿಲ್ಲ. ಆದರೆ ಆ ಶುಕ್ರವಾರ ಹೊಸ ಟೊಪ್ಪಿ ಹಾಕಿದ್ದ. ಇಬೋದ್ ಅತಿಥಿಯಾಗಿ ಹೋದ, ಕಂಕುಳಲ್ಲಿ ಗಡ್ಡ ನೆನೆಸುವ ತಾಮ್ರದ ಬಟ್ಟಲು. ನಸ್ರುಲ್ಲೊನ ಕೈ ಹೆಗಲ ಮೇಲೆ ಹೋಗುತ್ತಲೇ ಬಟ್ಟಲನ್ನು ಅಡ್ಡ ಹಿಡಿದ.

"ಬಳ್ಳಿಗೆ ಬೇಡ. ನನ್ನ ಹಾಗೆ ಆಗ್ತೀಯ."

ಆ ಬೇಸಿಗೆ ಅವನು ಮಾತಾಡಿದ್ದಕ್ಕಿಂತ ಕೇಳಿದ್ದು ಹೆಚ್ಚು. ಬೀದಿಯಲ್ಲಿ ಇಷ್ಟೊಂದು ಸುದ್ದಿಯಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಮರುವಸಂತದಲ್ಲಿ ಗಾಯದ ಅಂಚಿನಲ್ಲಿ ಹೊಸ ತೊಗಟೆ ದಪ್ಪ ತುಟಿಯಂತೆ ಉಬ್ಬಿತು. ಸತ್ತ ಒಂದು ಕೊಂಬೆ ಬಿಟ್ಟು ಉಳಿದದ್ದೆಲ್ಲ ಹೂವಾಯಿತು. ಮಂಚ ಮರಳಿ ಬಂತು, ಬುಡದಿಂದ ಆಚೆ, ನೆರಳಿನ ಅಂಚಿಗೆ. ಇಬೋದ್ ಕೂತ, ಬಟ್ಟಲು ತೊಳೆದ. ಹಳೆಯ ಕೈ ತನ್ನಷ್ಟಕ್ಕೆ ತಾನೇ ಹೆಗಲ ಮೇಲೆ ಹೋಯಿತು.

"ಉಸ್ತೋ," ಎಂದರು ಎಲ್ಲರೂ ಒಟ್ಟಿಗೆ.

ಕೈ ಅಲ್ಲೇ ನಿಂತಿತು. ನಸ್ರುಲ್ಲೊ ತಾಮ್ರದ ಬಟ್ಟಲನ್ನು ಮುಂದೆ ತಳ್ಳಿದ. ಈ ಸಲ ಅವನ ಬಾಯಲ್ಲಿ ರೊಟ್ಟಿಯಿರಲಿಲ್ಲ.