ಬೇಡವೆಂದು ಬಂದ ಸೀಟು

ಖಾಲಾ ಅವರ ಬಲಗೈ ಹೆಬ್ಬೆರಳಿನ ಉಗುರು ಗೆರೆಪಟ್ಟಿ ಇಟ್ಟು ಕತ್ತರಿಸಿದ ಹಾಗೆ ನೇರವಾಗಿ ಸವೆದಿತ್ತು. ಕಾಗದ ಮಡಿಸಿ, ಮಡಿಕೆಯ ಮೇಲೆ ಆ ಉಗುರನ್ನು ಸರ್ರನೆ ಎಳೆಯುವುದು ಅವರ ಅಭ್ಯಾಸ. ಪೇಪರ್, ಬಸ್ ಟಿಕೆಟ್, ಬಿರಿಯಾನಿ ಪೊಟ್ಟಣದ ಕಾಗದ, ಕೈಗೆ ಸಿಕ್ಕಿದ್ದೆಲ್ಲ ಮಾತು ಮುಗಿಯುವಷ್ಟರಲ್ಲಿ ತ್ರಿಕೋನವಾಗಿರುತ್ತಿತ್ತು.

ಶಿವಾಜಿನಗರದಲ್ಲಿ, ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ ಅವರ ಮನೆಯ ಮೇಲಿನ ಕೋಣೆಯಲ್ಲಿ ನಾವು ಬಾಡಿಗೆಗಿದ್ದೆವು. ಕಲಬುರಗಿ ಕಡೆಯಿಂದ ಬಂದ ನನ್ನಮ್ಮ ಕುಕ್ ಟೌನಿನ ಒಂದು ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ಆ ಮನೆಯ ಯಜಮಾನಿ, ಹತ್ತಿರದ ದೊಡ್ಡ ಶಾಲೆಯಲ್ಲಿ ನನ್ನ ತಂಗಿಗೆ ಸೀಟು ಸಿಕ್ಕರೆ ಫೀಸು ತಾನೇ ಕಟ್ಟುತ್ತೇನೆ ಎಂದಿದ್ದರು. ತಂಗಿಗೆ ಆಗಿನ್ನೂ ನಾಲ್ಕು ವರ್ಷ. ನಾನು ಪಿಯುಸಿ. ತಾರೀಖು ಹಾಕಿ ಡೈರಿ ಬರೆಯುವ ಚಟ ಆಗಲೇ ಹತ್ತಿತ್ತು.

ಆ ಶಾಲೆಯಲ್ಲಿ ಸೀಟು ಕೊಡುವ ಮೊದಲು ಮಗುವನ್ನು ಪುಟ್ಟ ಮೇಜಿನ ಮುಂದೆ ಕೂರಿಸಿ ಪರೀಕ್ಷೆ ಮಾಡುತ್ತಿದ್ದರು. ತಾಯ್ತಂದೆಯರು ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು. ತಂಗಿಗೆ ತ್ರಿಕೋನ ನೋಡಿ ಬರೆ ಎಂದರು. ಅವಳು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಏನೋ ಗೀಚಿದಳು. ಕೋಆರ್ಡಿನೇಟರ್ ಮೇಡಂ ಆ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ಇದು ತ್ರಿಕೋನಾನಾ, ಆಲೂಗಡ್ಡೆನಾ? ಮನೇಲಿ ಮೊಬೈಲ್ ಕೊಟ್ಟು ಕೂರಿಸಿಬಿಡ್ತೀರಾ, ಹೇಗೆ? ಕೈಯಲ್ಲಿ ಶಕ್ತಿನೇ ಇಲ್ಲ."

ಬೆಂಚಿನಲ್ಲಿದ್ದವರು ನಕ್ಕರು. ಎಲ್ಲರೂ ನಗುತ್ತಿದ್ದಾರೆಂದು ತಂಗಿಯೂ ನಕ್ಕಳು. ಅವಳನ್ನು ಹಾಗೆ ನಗಿಸಿದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಂದಿನ ಡೈರಿಯಲ್ಲಿ ಒಂದೇ ಸಾಲಿದೆ: ಇವರನ್ನು ಬಿಡಬಾರದು.

ಸಂಜೆ ಅಮ್ಮ ಮೆಟ್ಟಿಲ ಮೇಲೆ ಕೂತು ಅಳುವಾಗ ಖಾಲಾ ಹೊರಗೆ ಬಂದರು. ಪೂರ್ತಿ ಕೇಳಿಸಿಕೊಂಡು, "ಆಲೂಗಡ್ಡೆ ಅಂದ್ಲಾ? ಕನ್ನಡಕ ತಲೆ ಮೇಲೆ ಏರಿಸ್ಕೊಂಡಿರ್ತಾಳಲ್ಲ, ಅವ್ಳೇ ತಾನೆ?" ಎಂದರು. "ಮಕ್ಕಳ ಕೈಗೆ ಕತ್ತರಿ ಹೇಗೆ ಕೊಡ್ಬೇಕು ಅಂತ ಅವ್ಳಿಗೆ ಕಲಿಸಿದ್ದೇ ನಾನು."

ಖಾಲಾ ಆ ಶಾಲೆಯಲ್ಲೇ ಚಿಕ್ಕ ಮಕ್ಕಳ ಟೀಚರ್ ಆಗಿದ್ದರೆಂದು ನಮಗೆ ಗೊತ್ತಾದದ್ದು ಆವತ್ತು. ಅವರ ಕೈಕೆಳಗೆ ಸಹಾಯಕಿಯಾಗಿ ಬಂದವಳು ಮುಂದೆ ಕೋಆರ್ಡಿನೇಟರ್ ಆದಳು. ತಾಯ್ತಂದೆಯರಿಗೆ ಬರವಣಿಗೆ ಬೇಕು, ಆಟವಲ್ಲ ಎಂದು ಹೇಳಿ ಆಕಾರ ಕಲಿಸಲು ಖಾಲಾ ಮಾಡಿಸಿದ್ದ ಮೊಳೆಹಲಗೆಗಳನ್ನು ಗುಜರಿಗೆ ಹಾಕಿಸಿದಳು, ಆಮೇಲೆ ಅವರನ್ನೂ ಮನೆಗೆ ಕಳಿಸಿದಳು. ಖಾಲಾ ಒಂದು ಹಲಗೆಯನ್ನು ಬುರ್ಖಾದೊಳಗೆ ಅಡಗಿಸಿಕೊಂಡು ಆಟೋದಲ್ಲಿ ತಂದಿದ್ದರು.

"ನಾಲ್ಕು ವರ್ಷದ ಬಚ್ಚಿಗೆ ತ್ರಿಕೋನ! ಓರೆ ಗೆರೆ ಕೈಗೆ ಹತ್ತೋದು ಎಲ್ಲದಕ್ಕಿಂತ ಲೇಟು. ಅದು ಅವ್ಳಿಗೂ ಗೊತ್ತು. ಗೊತ್ತಿದ್ದೇ ಕೇಳ್ತಾಳೆ," ಎಂದು ಅಮ್ಮನ ಕಡೆ ತಿರುಗಿದರು. "ಮುಂದಿನ ವರ್ಷ ಇವ್ಳಿಗೆ ಸೀಟು ಸಿಗೋ ಹಾಗೆ ನಾನು ಮಾಡ್ತೀನಿ. ನಂಗೆ ಏನೂ ಬೇಡ. ಸೀಟು ಕೊಟ್ಟಾಗ ಬೇಡ ಅನ್ಬೇಕು. ಅದೇ ಬೆಂಚಿನ ಮುಂದೆ ಅನ್ಬೇಕು."

ಅಮ್ಮ ಹೂಂ ಎಂದಳು. ಒಂದು ವರ್ಷ ದೂರದ ಮಾತು, ಹೂಂ ಅನ್ನುವುದು ಸುಲಭವಿತ್ತು.

ಖಾಲಾ ತಿಂಗಳುಗಟ್ಟಲೆ ಪೆನ್ಸಿಲ್ ಮುಟ್ಟಿಸಲಿಲ್ಲ. ರಟ್ಟಿನ ವೃತ್ತದ ಅಂಚಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸುವುದು ಮೊದಲ ಪಾಠ. ಎಷ್ಟು ಕ್ಲಿಪ್ಪು ನಿಂತವೆಂದು ನಾನು ದಿನವೂ ಡೈರಿಯ ಅಂಚಿನಲ್ಲಿ ಗೀಟು ಹಾಕುತ್ತಿದ್ದೆ. ದೀಪಾವಳಿ ಹೊತ್ತಿಗೆ ರಟ್ಟು ಸೂರ್ಯನ ಹಾಗೆ ಸುತ್ತಲೂ ತುಂಬಿತು. ಆಮೇಲೆ ಮೊಳೆಹಲಗೆ: ಮೊಳೆಯಿಂದ ಮೊಳೆಗೆ ರಬ್ಬರ್ ಬ್ಯಾಂಡ್ ಎಳೆದು ಚೌಕ ಮಾಡು, ಒಂದು ಮೂಲೆ ಬಿಡಿಸು, ತ್ರಿಕೋನ. ಹಿಟ್ಟಿನ ಉಂಡೆಗಳಿಗೆ ಪೊರಕೆ ಕಡ್ಡಿ ಚುಚ್ಚಿ ಆಕಾರ ಕಟ್ಟುವಾಗ ಚೌಕ ಓಲಾಡಿತು, ತ್ರಿಕೋನ ಗಟ್ಟಿಯಾಗಿ ನಿಂತಿತು. ತಂಗಿ ಅದನ್ನು ಒತ್ತಿ ಒತ್ತಿ ನೋಡಿ, "ಇದು ಬೀಳಲ್ಲ ಖಾಲಾ!" ಎಂದು ಕಿರುಚಿದಳು.

"ಬೀಳ್ಬಾರ್ದು ಬೇಟಾ. ಅವ್ಳೆದುರು ಬೀಳ್ಲೇಬಾರ್ದು," ಎಂದರು ಖಾಲಾ. ಪ್ರೀತಿಯಿಂದ ಕಲಿಸುತ್ತಿದ್ದರು ಎಂದು ಬರೆದರೆ ಅರ್ಧ ಸುಳ್ಳು. ಹಲ್ಲು ಕಚ್ಚಿ ಕಲಿಸುತ್ತಿದ್ದರು.

ರಂಜಾನ್ ಬಂತು. ಮೈದಾ ಪಟ್ಟಿಯನ್ನು ತ್ರಿಕೋನದ ಮೇಲೆ ತ್ರಿಕೋನವಾಗಿ ಮಡಿಸಿ ಸಮೋಸಾ ಮಾಡುವುದನ್ನು ತಂಗಿಗೆ ಕಲಿಸಿದರು. ಮೊದಲಿನವು ಎಣ್ಣೆಯಲ್ಲಿ ಬಾಯಿ ಬಿಟ್ಟವು. ತಿಂಗಳ ಕೊನೆಗೆ ಅವಳು ಮಡಿಸಿದ್ದು ಯಾವುದು, ಖಾಲಾ ಮಡಿಸಿದ್ದು ಯಾವುದು ಎಂದು ಗುರುತು ಸಿಗುತ್ತಿರಲಿಲ್ಲ. ಅಂದು ಕೈಗೆ ಪೆನ್ಸಿಲ್ ಕೊಟ್ಟರು. ಮೂರು ಗೆರೆ, ಮೂರು ಮೂಲೆ. ಖಾಲಾ ಹಾಳೆಯನ್ನು ನೋಡಿ ನಗಲಿಲ್ಲ. "ಈಗ ಬರ್ಲಿ ಅವ್ಳು," ಎಂದರು.

ಪರೀಕ್ಷೆಯ ದಿನ ಶಾಲೆಯ ಗೇಟಿನಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡಳು. "ಸೀಟು ತಗೊಂಬಿಡೂಣ. ಖಾಲಾಗ ಏನರೆ ಒಂದು ಹೇಳಿದರಾತು. ಕೂಸಿನ ಬಾಳೇವು ಅದ." ನನಗೆ ಸಿಟ್ಟು ಬಂತು. ಆದರೆ ಅವಳ ಮಾತನ್ನು ತಪ್ಪೆನ್ನಲಾಗಲಿಲ್ಲ.

ತಂಗಿ ತ್ರಿಕೋನ ಬರೆದಳು, ಚೌಕ ಬರೆದಳು, ಕೇಳದೆಯೇ ಹಾಳೆಯನ್ನು ಮಡಿಸಿ ಉಗುರೆಳೆದಳು. "ವೆರಿ ಗುಡ್. ಸೀಟು ಗ್ಯಾರಂಟಿ," ಎಂದರು ಮೇಡಂ. ನಮ್ಮ ಗುರುತು ಅವರಿಗೆ ಸಿಗಲಿಲ್ಲ. ಅಮ್ಮ ಕೈ ಮುಗಿಯಲು ಎದ್ದಿದ್ದಳು. ಅಷ್ಟರಲ್ಲಿ ಮೇಡಂ ಪಕ್ಕದ ಮೇಜಿನ ಹುಡುಗನ ಹಾಳೆಯನ್ನು ಮೇಲೆತ್ತಿದರು. "ಇದು ತ್ರಿಕೋನಾನಾ, ಆಲೂಗಡ್ಡೆನಾ?"

ಅದೇ ಮಾತು. ಅದೇ ನಗು. ಅಮ್ಮನ ಕೈ ಕೆಳಗಿಳಿಯಿತು.

"ನಮಗ ಬ್ಯಾಡ್ರಿ ನಿಮ್ಮ ಸೀಟು. ಆ ಕೂಸಿನ ಹಾಳಿ ಮೊದಲ ಕೆಳಗ ಇಡ್ರಿ. ನೀವು ಕಲಿಸಂಗಿಲ್ಲ, ನಗ್ತೀರಿ ಅಷ್ಟ."

ಮೇಡಂ ತಲೆಯ ಮೇಲಿನ ಕನ್ನಡಕವನ್ನು ಕಣ್ಣಿಗೆ ಇಳಿಸಿದರು, ಮತ್ತೆ ಏರಿಸಿದರು, ಮತ್ತೆ ಇಳಿಸಿದರು.

ಸಂಜೆ ಅದನ್ನೆಲ್ಲ ಬರೆದು ಖಾಲಾಗೆ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. "ಕನ್ನಡಕದ್ದು ಇನ್ನೊಂದ್ಸಲ ಓದು." ಅಲ್ಲಿಂದಾಚೆ ಪ್ರತಿ ಈದ್‌ಗೂ ಅದನ್ನು ಓದಿಸಿದರು. ಕಳೆದ ಚಳಿಗಾಲದಲ್ಲಿ ಮಂಚ ಹಿಡಿದು, ಹಾಲೂ ಇಳಿಯದಾದಾಗಲೂ ಕೈಯಾಡಿಸಿ ಕರೆದರು. ಓದಿದೆ. ಕನ್ನಡಕದ ಸಾಲು ಬಂದಾಗ ತುಟಿ ಅರಳಿತು. ಎರಡು ದಿನಕ್ಕೆ ಹೋದರು.

ನಲವತ್ತನೆಯ ದಿನದ ಪ್ರಾರ್ಥನೆಗೆ ಅವರ ಸೊಸೆ ಸಮೋಸಾ ಮಾಡಿಸಿದಳು. ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿನಲ್ಲಿರುವ ತಂಗಿ ಮಡಿಸಲು ಕೂತಿದ್ದಳು. ಖಾಲಾ ಹೋದ ಸುದ್ದಿ ಕೇಳಿ ಆ ಮೇಡಂ ಬಾಗಿಲಲ್ಲಿ ಬಂದು ನಿಂತರು, ತಲೆಗೂದಲು ನೆರೆತಿತ್ತು. ತಂಗಿಯ ಬೆರಳನ್ನೇ ನೋಡುತ್ತ, "ಎಷ್ಟು ನೀಟಾಗಿ ಮಡಿಸ್ತೀಯಮ್ಮಾ! ಯಾವ ಸ್ಕೂಲು?" ಎಂದರು.

ತಂಗಿ ತಲೆ ಎತ್ತದೆ, "ಗೌರ್ಮೆಂಟ್ ಸ್ಕೂಲು ಮಿಸ್. ನಿಮ್ದಕ್ಕೂ ಬಂದಿದ್ವಿ. ನಾವೇ ಬೇಡ ಅಂದ್ವಿ," ಎಂದು ಪಟ್ಟಿಯ ಮೇಲೆ ಉಗುರೆಳೆದಳು.

ಮೇಡಂ ಕೈ ಕನ್ನಡಕಕ್ಕೆ ಹೋಯಿತು.

ರಾತ್ರಿ ಮೇಲೆ ಹೋಗಿ, ತಾರೀಖು ಹಾಕಿ, ಒಂದು ಮಾತೂ ಬಿಡದೆ ಬರೆದೆ. ಬರೆದು ಮುಗಿಸಿ, ಡೈರಿ ಹಿಡಿದು ಎಂದಿನಂತೆ ಮೆಟ್ಟಿಲಿಳಿದೆ. ಅರ್ಧ ಇಳಿದ ಮೇಲೆ ನೆನಪಾಯಿತು. ಅಲ್ಲೇ ಕೂತು, ಖಾಲಾ ಮನೆಯ ಮುಚ್ಚಿದ ಬಾಗಿಲ ಕಡೆಗೆ ತಿರುಗಿ, ಕನ್ನಡಕದ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದೆ.