ಸಿರುಗುಪ್ಪದ ಫೈನಲ್ಲಿನಲ್ಲಿ ನಮ್ಮ ಅತ್ತೆ-ಸೊಸೆ

ನಾವು ಬಾಸ್ಕೆಟ್‌ಬಾಲ್ ಆಡಲು ಶುರು ಮಾಡಿದ್ದು ಸಕ್ಕರೆ ಕಾಯಿಲೆಯ ದೆಸೆಯಿಂದ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಬೀದಿಯ ಹೆಂಗಸರು ಬೆಳಿಗ್ಗೆ ಶಾಲೆಯೊಂದರ ಮೈದಾನದಲ್ಲಿ ಸುತ್ತು ಹಾಕುತ್ತಿದ್ದೆವು. ಹೆಸರು ವಾಕಿಂಗ್, ವ್ಯಾಯಾಮ ಮಾತ್ರ ಬಾಯಿಗೇ ಹೆಚ್ಚು. ಇದನ್ನು ನೋಡಿ ನೋಡಿ ಬೇಸತ್ತ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ಒಂದು ದಿನ ನಮ್ಮ ನಡುವೆ ಚೆಂಡು ಉರುಳಿಸಿ, "ಮಾತಾಡ್ಕೋಂತ ಇದನ್ನೂ ಒಂದೀಟು ಬಡೀರಿ" ಎಂದರು.

ಕ್ಯಾಪ್ಟನ್ ಆದವರು ನಮ್ಮ ಪಕ್ಕದ ಮನೆಯ ಅಕ್ಕ. ಅರವತ್ತರ ಹತ್ತಿರದ ವಯಸ್ಸು, ಬೀದಿಯ ಆ ತುದಿಗೂ ಕೇಳುವ ಗಂಟಲು. ಚೆಂಡನ್ನು ಎರಡು ಕೈಯಲ್ಲಿ ಹಿಡಿದು, ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಕೆಳಗಿನಿಂದ ಮೇಲಕ್ಕೆ ಎಸೆಯುತ್ತಿದ್ದರು. ಅಪರೂಪಕ್ಕೊಂದು ಬುಟ್ಟಿಗೆ ಬೀಳುತ್ತಿತ್ತು. ಉಳಿದವರಿಗೆ ಆ ಅಪರೂಪವೂ ಇರಲಿಲ್ಲ. ನಾನಂತೂ ಚೆಂಡು ನನ್ನ ಕಡೆ ಬಂದರೆ ಕಣ್ಣು ಮುಚ್ಚಿಕೊಳ್ಳುವವಳು. ಹೀಗೆ ಕಂಡ ಕಂಡ ತಂಡದವರ ಕೈಲಿ ನೆಮ್ಮದಿಯಾಗಿ ಸೋಲುತ್ತಿದ್ದಾಗ ಅಕ್ಕನ ಮಗನಿಗೆ ಮದುವೆಯಾಯಿತು.

ಸೊಸೆ ಕುರುಗೋಡಿನವಳು. ಮೊದಲ ದಿನ ಅಕ್ಕ ಅವಳನ್ನು ಮೈದಾನಕ್ಕೆ ಕರೆತಂದದ್ದು ನಮ್ಮ ನೀರಿನ ಬಾಟಲಿ ಕಾಯಲು. ಯಾರದೋ ಕೈ ತಪ್ಪಿದ ಚೆಂಡು ಅವಳ ಕಾಲ ಬಳಿ ಬಂತು. ಎತ್ತಿಕೊಂಡು ಎರಡು ಸಲ ಪುಟಿಸಿ, ಅಂಗಳದ ನಡುವಿನಿಂದಲೇ ಎಸೆದಳು. ಚೆಂಡು ಬುಟ್ಟಿಯ ಬಳೆಯನ್ನೂ ಮುಟ್ಟದೆ ಬಲೆಯೊಳಗಿಂದ ಜಾರಿತು. ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು. ಮಂಡಿ ನೋವಿನಿಂದ ವರ್ಷಾನುಗಟ್ಟಲೆ ಯಾರ ಆಸರೆಯೂ ಇಲ್ಲದೆ ಎದ್ದವರಲ್ಲ.

"ಕಾಲೇಜಿನ್ಯಾಗ ಆಡ್ತಿದ್ದೆ ಸರ್" ಎಂದಳು ಸೊಸೆ, ಏನೋ ತಪ್ಪು ಮಾಡಿದವಳ ಹಾಗೆ.

"ಇದನ್ನ ಯಾರೂ ನಮಗ ಹೇಳಲೇ ಇಲ್ಲಲ್ಲ! ಹೆಣ್ಣು ನೋಡಾಕ ಹೋದಾಗ ಬರೇ ಹಾಡು ಬರ್ತತಿ ಅಂದ್ರು" ಎಂದು ಅಕ್ಕ ಗೊಣಗಿದರು.

ಆ ಬೇಸಿಗೆಯಲ್ಲಿ ಸಿರುಗುಪ್ಪದ ಅಕ್ಕಿ ಮಿಲ್ಲಿನ ಯಜಮಾನರೊಬ್ಬರು ಮದುವೆಯಾದ ಹೆಂಗಸರಿಗೆಂದೇ ಬಾಸ್ಕೆಟ್‌ಬಾಲ್ ಪಂದ್ಯಾವಳಿ ಇಟ್ಟರು. ಸೊಸೆಯನ್ನು ತಂಡಕ್ಕೆ ಸೇರಿಸಿಕೊಂಡ ನಾವು ಸೆಮಿಫೈನಲ್ ತಲುಪಿದೆವು; ಅದು ಬಿದ್ದದ್ದು ಕುರುಗೋಡಿನಲ್ಲಿ, ಅಂದರೆ ಅವಳ ತವರಿನಲ್ಲಿ. ಎದುರಾಳಿಗಳೆಲ್ಲ ಅವಳೊಂದಿಗೆ ಶಾಲೆ, ಕಾಲೇಜಿನಲ್ಲಿ ಆಡಿ ಬೆಳೆದವರು. ಅಲ್ಲಿ ನಡೆದದ್ದನ್ನು ಈಗಲೂ ಯಾರೂ ನಂಬುವುದಿಲ್ಲ: ಇಕ್ಕಟ್ಟಿಗೆ ಸಿಕ್ಕಾಗಲೆಲ್ಲ ಕುರುಗೋಡಿನವರು ಹಳೇ ರೂಢಿಯಂತೆ ಚೆಂಡನ್ನು ನಮ್ಮ ಸೊಸೆಗೇ ಕೊಟ್ಟುಬಿಡುತ್ತಿದ್ದರು. ಕೊಟ್ಟ ಮೇಲೆ "ಅಯ್ಯೋ!" ಎಂದು ನಾಲಿಗೆ ಕಚ್ಚಿಕೊಳ್ಳುವುದು, ಮರುಗಳಿಗೆ ಮತ್ತೆ ಕೊಡುವುದು. ಅವಳು ಓಡಿದಳು, ಎಸೆದಳು, ಗೆಲ್ಲಿಸಿದಳು. ನಾವು ನಾಲ್ವರು ಒಳ್ಳೆಯ ಜಾಗದಿಂದ ಪಂದ್ಯ ನೋಡಿದೆವು.

ಬಸ್ಸಿನಲ್ಲಿ ವಾಪಸು ಬರುವಾಗ ಮೇಷ್ಟ್ರು ಕಾಗದದ ಪೊಟ್ಟಣ ಬಿಚ್ಚಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ಹಂಚುತ್ತಾ ಭಾಷಣ ಮಾಡಿದರು. "ಕಪ್ ಗೆಲ್ಲಬೇಕಂದ್ರ ಟೀಮಿಗೆ ಒಬ್ರು ಸೂಪರ್‌ಸ್ಟಾರ್ ಇರಾಕs ಬೇಕ್ರಿ ಅಕ್ಕಾರ. ಸ್ಟಾರ್ ಇಲ್ಲದ ಟೀಮು ಅಂದ್ರ ಮೆಣಸಿನಕಾಯಿ ಇಲ್ಲದ ಮಿರ್ಚಿ ಇದ್ದಂಗ."

ಅಕ್ಕ ಕೈಯಲ್ಲಿದ್ದ ಮಿರ್ಚಿಯನ್ನು ತಿರುಗಿಸಿ ನೋಡಿದರು. "ಹಂಗಾರ ಬರೇ ಹಸಿ ಮೆಣಸಿನಕಾಯಿ ಕೊಡ್ತೀನಿ, ತಿಂತೀರೇನು? ಕಡ್ಲಿ ಹಿಟ್ಟು ಬ್ಯಾಡೇನು? ಎಣ್ಣಿ ಬ್ಯಾಡೇನು?"

"ಅತ್ತೀ, ನಾನೇನು ಅಂದೆ ಈಗ?" ಎಂದಳು ಸೊಸೆ.

"ನೀ ಏನೂ ಅನ್ನಲಿಲ್ಲವ್ವ. ನೀ ಬಾಲ್ ಕೊಡಲಿಲ್ಲ, ಅಷ್ಟs."

ಬಳ್ಳಾರಿ ಬರುವವರೆಗೆ ಇಬ್ಬರೂ ಬೇರೆ ಬೇರೆ ಕಿಟಕಿಯಿಂದ ಹೊರಗೆ ನೋಡಿದರು.

ಫೈನಲ್ ಸಿರುಗುಪ್ಪದಲ್ಲಿ. ಅಲ್ಲಿನ ತಂಡ ಒಂದೇ ಮನೆಯ ಐವರು ವಾರಗಿತ್ತಿಯರದು. ಅವರಲ್ಲಿ ಸ್ಟಾರ್ ಎನ್ನುವವರು ಯಾರೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ವರ್ಷಗಟ್ಟಲೆ ಒಂದೇ ಅಡುಗೆಮನೆಯಲ್ಲಿ ರೊಟ್ಟಿ ಬಡಿದವರು. ಒಬ್ಬಳು ಕೈ ಚಾಚಿದರೆ ಇನ್ನೊಬ್ಬಳು ನೋಡದೆಯೇ ಚೆಂಡು ಇಡುತ್ತಿದ್ದಳು. ಮೂವರು ಸೇರಿ ನಮ್ಮ ಸೊಸೆಯನ್ನು ಸುತ್ತುವರಿದರು. ಅವಳು ಆ ಕೋಟೆಯನ್ನು ಒಡೆದು ನುಗ್ಗಿ ಹೇಗೋ ಅಂಕಗಳನ್ನು ಸಮ ಮಾಡಿಟ್ಟಳು. ಬಿಸಿಲಿಗೆ ನೆಲದ ಸಿಮೆಂಟು ಹಂಚಿನಂತೆ ಕಾದಿತ್ತು. ಇನ್ನೇನು ಆಟ ಮುಗಿಯಬೇಕು, ಆಗ ಚೆಂಡು ಅಕ್ಕನ ಕೈಸೇರಿತು.

"ಅತ್ತೀ, ಇಲ್ಲಿ ಕೊಡ್ರಿ!" ಸೊಸೆ ಹೇಗೋ ಬಿಡಿಸಿಕೊಂಡು ಬಂದು ಕೂಗಿದಳು.

"ಯಾಕ ಕೊಡ್ಲಿ?" ಅಕ್ಕ ಚೆಂಡನ್ನು ಎದೆಗೆ ಅಪ್ಪಿಕೊಂಡರು. "ಮನ್ಯಾಗ ಟಿವಿ ರಿಮೋಟ್ ನನ್ನ ಕೈಗೆ ಕೊಡ್ತಿ ಏನು ನೀನು?"

"ಅಯ್ಯ, ಈಗ ಆ ಮಾತು ಯಾಕ್ರಿ? ನಿಮ್ಮ ಧಾರಾವಾಹಿ ಮುಗದ ಮ್ಯಾಲೇ ನಾನು ರಿಮೋಟ್ ಮುಟ್ಟೋದು!"

"ಸುಳ್ಳು! ನಿನ್ನೆ ನಡುವs ಚಾನಲ್ ತಿರುವಿದಿ!"

"ನಿನ್ನೆ ಜಾಹೀರಾತು ಬಂದಿತ್ತಲ್ರಿ!"

ಸಿರುಗುಪ್ಪದವರು ನಿಂತಲ್ಲೇ ನಿಂತರು. ಸೊಸೆಯನ್ನು ಕಾಯುತ್ತಿದ್ದ ಮೂವರಲ್ಲಿ ಒಬ್ಬಳು, "ಜಾಹೀರಾತು ಬಂದಾಗ ತಿರುವಿದ್ರ ಏನಾತ್ರಿ?" ಎಂದು ಸೊಸೆಯ ಪಕ್ಷ ವಹಿಸಿದಳು. ಅವರ ಮನೆಯ ಹಿರಿಯಳು ತಕ್ಷಣ ಅವಳ ಕಡೆ ತಿರುಗಿ, "ಓಹೋ, ಹಂಗಾರ ನಮ್ಮ ಮನ್ಯಾಗ ತಿರುವಾಕಿ ನೀನs ಏನು?" ಎಂದಳು. ಅಲ್ಲೂ ಹೊತ್ತಿಕೊಂಡಿತು. ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡು, ತಮ್ಮ ಮನೆಯದೇ ಏನೋ ನೆನಪಾದವರಂತೆ, ಊದುವುದನ್ನು ಮರೆತು ಕೇಳುತ್ತಿದ್ದರು.

ಎರಡೂ ಕೈ ಆಡಿಸದೆ ಅಕ್ಕನಿಗೆ ಜಗಳ ಆಡಲು ಬರುವುದಿಲ್ಲ. ಪಕ್ಕದಲ್ಲಿದ್ದ ನನ್ನ ಕೈಗೆ ಚೆಂಡು ತುರುಕಿ, "ಇದನ್ನ ಒಂಚೂರು ಹಿಡಕೊಳ್ಳವ್ವ" ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಚೀಲ ಹಿಡಿದವಳ ಹಾಗೆ ಹಿಡಿದು ನಿಂತೆ. ಜಗಳ ಕೇಳಲು ನನಗೂ ಆಸೆ. ಆದರೆ ಕಣ್ಣು ಎತ್ತಿದರೆ ಬುಟ್ಟಿಯ ತನಕ ಒಂದು ನರಪಿಳ್ಳೆಯೂ ಇಲ್ಲ. ಯಾರಿಗೂ ತೊಂದರೆಯಾಗದಂತೆ ಮೆಲ್ಲಗೆ ಪುಟಿಸುತ್ತಾ ಹೋದೆ. ಬುಟ್ಟಿಯ ಕೆಳಗೆ ನಿಂತು ಎಂದಿನಂತೆ ಕಣ್ಣು ಮುಚ್ಚಿ ಎಸೆದೆ. ಹಲಗೆಗೆ ಬಡಿದ ಸದ್ದು, ಆಮೇಲೆ ಬಲೆಯ ಸರಕ್ ಎಂಬ ಸದ್ದು. ಕಣ್ಣು ಬಿಟ್ಟಾಗ ಇಡೀ ಮೈದಾನ ಜಗಳ ಬಿಟ್ಟು ನನ್ನನ್ನೇ ನೋಡುತ್ತಿತ್ತು. ಅಷ್ಟರಲ್ಲಿ ಆಟ ಮುಗಿದ ಗಂಟೆ ಬಾರಿಸಿತು.

"ಇದು ಮೋಸ! ನಾವು ಮಾತಾಡ್ತಿದ್ವಿ!" ಎಂದರು ವಾರಗಿತ್ತಿಯರು.

ರೆಫರಿ ಗಂಟಲು ಸರಿಮಾಡಿಕೊಂಡರು. "ನೀವು ಮಾತಾಡ್ತಿದ್ರಿ ಖರೆ. ಗಡಿಯಾರ ಸುಮ್ನ ನಿಂತಿದ್ದಿಲ್ಲಲ್ರಿ."

ಕಪ್ ನಮ್ಮದಾಯಿತು. ಮೇಷ್ಟ್ರು ಎಲ್ಲರಿಗೂ ಕೇಳುವಂತೆ, ಜಗಳ ತಾವೇ ಹೇಳಿಕೊಟ್ಟ ತಂತ್ರ ಎಂದರು. "ನೀವೇನ್ರಿ ಹೇಳಿಕೊಟ್ಟಿದ್ದು?" ಎಂದು ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಅವರ ಮೇಲೆ ಬಿದ್ದರು. ಅವರಿಬ್ಬರೂ ಒಂದೇ ಮಾತನ್ನು ಒಂದೇ ಉಸಿರಿನಲ್ಲಿ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಂಜೆ ಮನೆಗೆ ಬಂದು, "ಫೈನಲ್ ಗೆಲ್ಲಿಸಿದಾಕಿ ನಾನs" ಎಂದೆ. ನನ್ನ ಯಜಮಾನರು ಮೊಬೈಲಿನಿಂದ ತಲೆ ಎತ್ತಿ, "ಬರೋ ಮುಂದ ಮೊಸರು ತಂದಿ ಏನು?" ಎಂದರು.

ಆದರೆ ಬೀದಿ ಹಾಗಿರಲಿಲ್ಲ. ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋದರೆ ಮೇಷ್ಟ್ರು, "ಬಾಲ್ ಇವರಿಗೆ ಕೊಡ್ರಿ, ಈಗ ಇವರs ನಮ್ಮ ಸ್ಟಾರ್!" ಎಂದರು. ಅಕ್ಕ ಕೊಟ್ಟರು, ಸೊಸೆಯೂ ಕೊಟ್ಟಳು. ಇಷ್ಟು ಗೌರವ ಸಿಕ್ಕಿದೆಯಲ್ಲ ಎಂದು ಕಣ್ಣು ತೆರೆದೇ ಎಸೆದೆ. ಒಂದೂ ಬೀಳಲಿಲ್ಲ. ಕೊನೆಯದು ಕಾಂಪೌಂಡು ದಾಟಿ ರಸ್ತೆಗೆ ಹೋಯಿತು, ಆಚೆಯಿಂದ ಇಡ್ಲಿ ಗಾಡಿಯವರೊಬ್ಬರು, "ಯಾರದ್ರೀ ಇದು? ನನ್ನ ಚಟ್ನಿ ಪಾತ್ರ್ಯಾಗ ಬಿದ್ದೈತಿ!" ಎಂದು ಕೂಗಿದರು.

ಅಕ್ಕ ನಗುತ್ತಾ ನೆಲದ ಮೇಲೆ ಕುಳಿತುಬಿಟ್ಟರು. ಸೊಸೆ ಅವರನ್ನು ಎಬ್ಬಿಸಲು ಹೋಗಿ ನಗು ತಡೆಯಲಾರದೆ ತಾನೂ ಪಕ್ಕದಲ್ಲೇ ಕುಸಿದಳು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಚಟ್ನಿಯವರಿಗೆ ಕ್ಷಮೆ ಕೇಳಲು ಗೇಟಿನ ಕಡೆ ಹೊರಟೆ.