ಅಕ್ಕೂರಿನ ಟೆಂಪೊ ಪುಟ್ಟಸ್ವಾಮಣ್ಣ

ಪುಟ್ಟಸ್ವಾಮಣ್ಣ ತಮ್ಮ ಸೀಟಿನಲ್ಲಿ ಅರ್ಧ ಮಾತ್ರ ಕೂರುತ್ತಿದ್ದರು. ಉಳಿದರ್ಧಕ್ಕೆ ಯಾರಾದರೊಬ್ಬ ಪ್ರಯಾಣಿಕ. ಬಾಗಿಲಿಗೆ ಭುಜ ಒತ್ತಿ, ವಾಲಿಕೊಂಡೇ ಚನ್ನಪಟ್ಟಣದಿಂದ ಅಕ್ಕೂರಿಗೆ ಟೆಂಪೊ ಓಡಿಸಿ ಓಡಿಸಿ, ಕೆಳಗಿಳಿದು ನಡೆಯುವಾಗಲೂ ಅವರ ಮೈ ಬಲಕ್ಕೇ ವಾಲುತ್ತಿತ್ತು.

ನಾನು ಅಕ್ಕೂರಿನ ಶಾಲೆಯಲ್ಲಿ ಟೀಚರಾಗಿದ್ದೆ. ಆಗ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಟೆಂಪೊ ಇರುತ್ತಿತ್ತು, ಆದರೆ ತುಂಬದೆ ಕದಲುತ್ತಿರಲಿಲ್ಲ. ಹೊತ್ತಾಯಿತೆಂದು ಗೊಣಗಿದರೆ, "ಇನ್ನೊಂದೇ ತಲೆ, ಟೀಚರಮ್ಮ" ಅನ್ನುವರು. ಆ ತಲೆ ಬಂದ ಮೇಲೆ ಮತ್ತೊಂದು. ಇಕ್ಕಟ್ಟೆಂದು ಯಾರಾದರೂ ಸಿಡುಕಿದರೆ, "ಒಸಿ ಒತ್ತರಿಸ್ಕಳ್ರಪ್ಪ. ಮನ್ಸ ಅಂದ್ರೆ ಹತ್ತಿ ಇದ್ದಂಗೆ, ಒತ್ತುದಷ್ಟೂ ಜಾಗ ಆಯ್ತದೆ." ಬೆವರು, ಮೇವಿನ ಸೊಪ್ಪು, ರೇಷ್ಮೆಗೂಡಿನ ಚೀಲ, ಎಲ್ಲದರ ನಡುವೆ ನಾನೂ ಹತ್ತಿಯಂತೆ ಒತ್ತಿಸಿಕೊಂಡು ದಿನಾ ಶಾಲೆ ಸೇರುತ್ತಿದ್ದೆ.

ಒಂದು ಬೆಳಿಗ್ಗೆ ಗಂಡಹೆಂಡತಿ ಬಂದು ಹಿಂದಿನ ಸೀಟಿನಲ್ಲಿ ಕೂತರು. ಆಸ್ಪತ್ರೆಯಿಂದ ಬಂದವರು. ಹೆಂಡತಿಯ ಮಡಿಲಲ್ಲಿ ಸೆರಗು ಹೊದಿಸಿದ ಮಗು.

"ಸೆಕೆ ಕಣವ್ವ, ಮಗೀಗೆ ಒಸಿ ಗಾಳಿಯಾಡ್ಲಿ, ಸೆರಗು ತೆಗಿ" ಎಂದರು ಪುಟ್ಟಸ್ವಾಮಣ್ಣ.

ಅವಳು ಸೆರಗನ್ನು ಇನ್ನಷ್ಟು ಬಿಗಿಹಿಡಿದಳು. ಗಂಡ ಕೈಮುಗಿದ. ಪುಟ್ಟಸ್ವಾಮಣ್ಣ ಇನ್ನೊಂದು ತಲೆಗೂ ಕಾಯದೆ ಹೋಗಿ ಗಾಡಿ ಸ್ಟಾರ್ಟ್ ಮಾಡಿದರು. ಒಳಗಿದ್ದವರು ನಾವು ನಾಲ್ಕೈದು ಜನ. ದಾರಿಯುದ್ದಕ್ಕೂ ಜನ ಕೈ ಅಡ್ಡ ಹಾಕಿದರು, ಬೈದರು. ಅವರು ಎಲ್ಲಿಯೂ ನಿಲ್ಲಿಸಲಿಲ್ಲ. ನನ್ನ ಶಾಲೆಯನ್ನೂ ದಾಟಿ, ಆ ದಂಪತಿಯ ಮನೆಯ ಓಣಿಯವರೆಗೆ ಹೋಗಿ, ಇಳಿದು, ಬಾಗಿಲು ಹಿಡಿದು ನಿಂತರು.

ಮಾರನೆಯ ದಿನ ಸ್ಟ್ಯಾಂಡಿನಲ್ಲಿ ಗಲಾಟೆ. "ಏನ್ಲಾ ಪುಟ್ಟಸ್ವಾಮಿ, ಖಾಲಿ ಗಾಡಿ ಇಟ್ಕಂಡು ನಿಲ್ಲಿಸ್ದೆ ಹೊಂಟೋದ್ಯಲ್ಲ?"

"ಬ್ರೇಕ್ ಹಿಡೀತಿರ್ಲಿಲ್ಲ ಕಣ್ಲಾ" ಎಂದರು.

ನಾನು ಅವರನ್ನೇ ನೋಡುತ್ತಿದ್ದೆ. ಜನ ಚದುರಿದ ಮೇಲೆ ಮೆಲ್ಲಗೆ ಅಂದರು: "ಮಗೀನ ಕಳ್ಕಂಡಿದ್ದ ಆ ತಾಯಿ ಪಕ್ಕದಾಗೆ ಯಾರ್ನ ಒತ್ತರಿಸಿ ಕೂರ್ಸ್ಲಿ, ಟೀಚರಮ್ಮ?"

ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆಯಾದ ಮೇಲೆ ಆ ದಾರಿಗೆ ಜನ ಹೆಚ್ಚಿ, ಬಸ್ಸೂ ಹೆಚ್ಚಿತು. ಟೆಂಪೊಗೆ ಗಂಡಸರಷ್ಟೇ ಉಳಿದರು, ಗಂಡಸರಿಗೆ ಬೈಕುಗಳಿದ್ದವು. ಪುಟ್ಟಸ್ವಾಮಣ್ಣ ಒಂದು ಟ್ರಿಪ್ಪಿಗಾಗಿ ಕಾಯುತ್ತ ನಿಂತಿರುವುದನ್ನು ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದೆ. ಕೊನೆಗೆ ಗಾಡಿ ಮಾರಿದರಂತೆ.

ಅವರನ್ನು ಕಡೆಯ ಸಲ ಕಂಡದ್ದು ಅದೇ ಬಸ್ಸಿನಲ್ಲಿ. ಕಂಬ ಹಿಡಿದು ನಿಂತಿದ್ದರು. ಅವರ ಗಾಡಿಯಲ್ಲಿ ಓಡಾಡಿದ್ದ ಹೆಂಗಸರು, "ಬಾ ಪುಟ್ಟಸ್ವಾಮಣ್ಣ" ಎಂದು ಸರಿದು ಕಿಟಕಿಯ ಪಕ್ಕ ಜಾಗ ಮಾಡಿಕೊಟ್ಟರು.

"ಬೇಜಾರಾ, ಅಣ್ಣ?" ಎಂದು ಕೇಳಿದೆ.

"ಬೇಜಾರ್ಗಿಂತ ಸುಸ್ತು ಕಣಮ್ಮ. ಗಾಡಿ ಇದ್ದಾಗ ಸುಸ್ತಾಗೈತೆ ಅಂತ್ಲೇ ಗೊತ್ತಾಗ್ಲಿಲ್ಲ."

ಅದಾದ ಮೇಲೆ ಹೊರಗೆ ನೋಡುತ್ತ ಕೂತರು. ಸ್ವಲ್ಪ ದೂರ ಹೋದ ಮೇಲೆ, "ಟೀಚರಮ್ಮ, ಈ ರೋಡ್ನಾಗೆ ಇಷ್ಟೊಂದು ಮಾವಿನ ಮರ ಇದ್ವಾ?" ಎಂದರು.

ಇದ್ದವು ಅಣ್ಣ ಎಂದು ನಾನು ಹೇಳುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು.